ತುದಿಗಾಲಿನ ಬೂಟು

ಶೂ ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ಗೌರಿಬಿದನೂರಿನ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಮೊಬೈಲಿನಲ್ಲಿ ಯಾವುದೋ ಬೂಟಿನ ಚಿತ್ರ ತೋರಿಸಿ, "ಅಂಕಲ್, ಇದರ ಹೀಲ್ ಎಲ್ಲಿ ಕೂರಿಸ್ಬೇಕು?" ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಈ ಕೆಲಸದಲ್ಲಿ ಹೆದರಿಕೆಯಾಗುತ್ತಾ ಎಂದು ಮಾತ್ರ ಒಬ್ಬರೂ ಕೇಳಿಲ್ಲ. ಕೇಳಲಿ ಬಿಡಲಿ, ಅದನ್ನೇ ಬರೆಯುತ್ತಿದ್ದೇನೆ. ಬೂಟು ಮಾಡುವವನಿಗೆ ಎಂಥ ಹೆದರಿಕೆ ಎಂದು ನಗಬೇಡಿ. ಕುಡುಮಲಕುಂಟೆಯ ಒಂದು ಕಾರ್ಖಾನೆಯ ಸ್ಯಾಂಪಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದೆ. ಅದರಲ್ಲಿ ಒಂದು ಮಳೆಗಾಲ ನಾನು ಪಟ್ಟ ಹೆದರಿಕೆ ಇನ್ನೂ ಮೈಯಿಂದ ಇಳಿದಿಲ್ಲ.

ನಾನು ಚಿಂತಾಮಣಿಯವನು. ಅಪ್ಪ ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಚಪ್ಪಲಿ ಹೊಲಿಯುತ್ತಿದ್ದ. ಗಿರಾಕಿ ಬಂದರೆ ನೆಲಕ್ಕೆ ರಟ್ಟು ಹಾಸುತ್ತಿದ್ದ. ಅವರೇ ಅದರ ಮೇಲೆ ಕಾಲಿಡಬೇಕು. ಅಪ್ಪ ಒಂದು ಕಡ್ಡಿಯಷ್ಟು ದೂರದಲ್ಲಿ ಪೆನ್ಸಿಲ್ ಓಡಿಸಿ ಅಳತೆ ತೆಗೆಯುತ್ತಿದ್ದ. ನಮ್ಮ ಜಾತಿಯವರ ಕೈ ಗಿರಾಕಿಯ ಮೈಗೆ ತಾಗಬಾರದು ಎಂಬುದು ಅವನ ಕಾಲದ ಕಟ್ಟಳೆ. ನನ್ನ ಕಾಲಕ್ಕೆ ಅದೆಲ್ಲ ಹೋಯಿತು, ನಾನು ಓದಿದೆ, ಕಾರ್ಖಾನೆ ಸೇರಿದೆ, ಎಲ್ಲರ ಜೊತೆ ಕ್ಯಾಂಟೀನಿನಲ್ಲಿ ಕೂತು ಉಂಡೆ. ಆದರೂ ಇನ್ನೊಬ್ಬರ ಕಾಲಿನ ಹತ್ತಿರ ಹೋದರೆ ನನ್ನ ಕೈ ತಾನಾಗಿಯೇ ಅಷ್ಟು ದೂರದಲ್ಲಿ ನಿಂತುಬಿಡುತ್ತಿತ್ತು. ಮುಟ್ಟದೆ ಅಳೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಜಂಬ ಬೇರೆ ಪಡುತ್ತಿದ್ದೆ.

ನಮ್ಮ ಸ್ಯಾಂಪಲ್ ರೂಮಿಗೆ ಮೇಲಿನವರು ಓಬುಳರೆಡ್ಡಿ ಮೇಷ್ಟ್ರು. ಹಿಂದೂಪುರದ ಕಡೆಯವರು, ಅರ್ಧ ಕನ್ನಡ, ಅರ್ಧ ತೆಲುಗು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಅದೇ ದೊಡ್ಡ ಭಯ. ನಾನು ಸೇರಿದ ಹೊಸದರಲ್ಲಿ ಒಂದು ಜೋಡಿ ಸ್ಯಾಂಡಲ್ಲಿನ ಹಿಮ್ಮಡಿಯಲ್ಲಿ ಮೊಳೆಯ ತುದಿ ಬಡಿಯದೆ ಬಿಟ್ಟಿದ್ದೆ. ಅದು ಚಿಕ್ಕಬಳ್ಳಾಪುರದ ಅಂಗಡಿಗೆ ಹೋಗಿ, ಯಾವುದೋ ಹೆಣ್ಣುಮಗಳ ಕಾಲಿಗೆ ಚುಚ್ಚಿ, ವಾಪಸ್ಸು ಬಂತು. ಮೇಷ್ಟ್ರು ಆ ಮೊಳೆಯನ್ನು ಇಕ್ಕಳದಲ್ಲಿ ಕಿತ್ತು ನನ್ನ ಮೇಜಿನ ಮೇಲಿಟ್ಟು, "ಇದಿ ನೀದೇ, ನಿಂದೇ ಇದು. ಇಟ್ಕೋ," ಅಂದರು. ಅಷ್ಟೇ. ಆಮೇಲೆ ಎರಡು ವರ್ಷ ನನ್ನ ಕೈಗೆ ಹೀಲಿನ ಕೆಲಸ ಕೊಡಲಿಲ್ಲ. ಅವರಂಥ ಹೆಜ್ಜೆ ಸದ್ದು ಕೇಳಿದರೆ ಇವತ್ತಿಗೂ ಎದ್ದು ನಿಲ್ಲುತ್ತೇನೆ, ಅವರು ತೀರಿಕೊಂಡು ಎಷ್ಟೋ ದಿನವಾಗಿದ್ದರೂ.

ಒಂದು ದಿನ ಮೇಷ್ಟ್ರು ಒಂದು ಚಿತ್ರ ತಂದು ನನ್ನ ಮುಂದೆ ಹಿಡಿದರು. ಮೊಳಕಾಲಿನವರೆಗೆ ಬರುವ ಕರಿ ಬೂಟು. ಪಾದ ಮುಂದಕ್ಕೆ ಚಾಚಿಲ್ಲ, ನೆಟ್ಟಗೆ ಕೆಳಕ್ಕೆ ನೋಡುತ್ತಿದೆ. ಬ್ಯಾಲೆ ಕುಣಿಯುವವರು ಬೆರಳ ತುದಿಯ ಮೇಲೆ ನಿಲ್ಲುತ್ತಾರಲ್ಲ, ಹಾಗೆ. ಹಿಂದೆ ಏಳು ಅಂಗುಲದ ಕಡ್ಡಿಯಂಥ ಹೀಲು. ನಾನು ಚಿತ್ರ ತಲೆಕೆಳಗಾಗಿದೆ ಅಂದುಕೊಂಡು ತಿರುಗಿಸಿದೆ.

"ತಿರುಗಿಸ್ಬೇಡಯ್ಯ, ಅದು ಹಂಗೇ," ಅಂದರು ಮೇಷ್ಟ್ರು. "ಹೊರದೇಶದ ನಾಟಕದೋರು ಕೇಳಿದ್ದಾರೆ. ಸ್ಟೇಜಿನ ಮೇಲೆ ಹಾಕ್ಕೊಂಡು ಅರ್ಧ ಗಂಟೆ ಓಡಾಡಬೇಕಂತೆ. ನೋಯಬಾರದಂತೆ."

"ಸಾರ್, ಇದರಲ್ಲಿ ನಿಂತ್ಕೊಳ್ಳೋದೇ ಕಷ್ಟ. ನೋಯಬಾರದು ಅಂದ್ರೆ?"

"ಅದಕ್ಕೇ ನಿನ್ನ ಹತ್ರ ತಂದಿದ್ದು ಮುನಿಕೃಷ್ಣಪ್ಪ. ಬೇರೆಯೋರ ಕೈಲಾಗಲ್ಲ ಅಂದ್ರು."

ಹೊಗಳಿದರೆ ನಾನು ಉಬ್ಬಿಹೋಗುವವನು. ಆಯ್ತು ಸಾರ್ ಅಂದುಬಿಟ್ಟೆ.

ಮೊದಲ ಜೋಡಿ ಶುದ್ಧ ದಂಡ. ಮಾಮೂಲಿ ಬೂಟಿನಂತೆ ಹೀಲನ್ನು ಹಿಂದಿನ ಅಂಚಿಗೆ ಕೂರಿಸಿದ್ದೆ. ಮೇಜಿನ ಮೇಲಿಟ್ಟು ಒಳಗೆ ಮರಳಿನ ಚೀಲ ತುಂಬಿದ ತಕ್ಷಣ ಮುಂದಕ್ಕೆ ಮುಗ್ಗರಿಸಿತು. ಇಂಥ ಬೂಟಿನಲ್ಲಿ ಹೀಲು ಹಿಂದೆ ಇರಬಾರದು. ಕಣಕಾಲಿನ ಗಂಟಿನ ನೇರ ಕೆಳಗೆ ಬರಬೇಕು. ಅಟ್ಟೆಯೊಳಗೆ ಉಕ್ಕಿನ ಪಟ್ಟಿ ತುದಿಯಿಂದ ಹಿಮ್ಮಡಿಯವರೆಗೂ ಹೋಗಬೇಕು, ಇಲ್ಲದಿದ್ದರೆ ನಡುವೆ ಬಾಗಿ ಹೀಲು ಮುರಿಯುತ್ತದೆ. ಗೌರಿಬಿದನೂರಿನ ಲೇತ್ ಅಂಗಡಿಯಲ್ಲಿ ನಾನೇ ನಿಂತು ಆ ಪಟ್ಟಿ ಬಗ್ಗಿಸಿಕೊಂಡು ಬಂದೆ. ಈಗ ಕಂಪ್ಯೂಟರಿನಲ್ಲಿ ಪಾದವನ್ನೇ ಸ್ಕ್ಯಾನ್ ಮಾಡಿ, ಭಾರ ಎಲ್ಲಿ ಬೀಳುತ್ತದೆಂದು ಕೆಂಪು ಹಳದಿ ಬಣ್ಣದಲ್ಲಿ ತೋರಿಸುತ್ತಾರೆ. ನಮಗೆ ಮರಳಿನ ಚೀಲವೇ ಕಂಪ್ಯೂಟರು.

ಮರಳಿನ ಚೀಲ ನಿಂತಿತು, ಇನ್ನು ಮನುಷ್ಯರು ನಿಲ್ಲಬೇಕು. ಸ್ಯಾಂಪಲ್ಲಿನ ಅಳತೆಗೆ ಸರಿಯಾದ ಪಾದ ಇಡೀ ಕಾರ್ಖಾನೆಯಲ್ಲಿ ಸಿಕ್ಕಿದ್ದು ಒಂದೇ, ಹೊಲಿಗೆ ಸಾಲಿನ ನಾಗವೇಣಿಯದು. ಗೌರಿಬಿದನೂರಿನ ಹತ್ತಿರದ ಹಳ್ಳಿಯ ಹುಡುಗಿ, ಮದುವೆಯಾಗಿ ಒಂದು ಮಗು. ಮನೆಯಲ್ಲಿ ಹೊಲವಿತ್ತು, ಹಸುಗಳಿದ್ದವು. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿಯೇ ಕಾರ್ಖಾನೆಯ ಬಸ್ಸು ಹತ್ತುತ್ತಿದ್ದಳು. ಬಾಯಿ ಜೋರು. ಬೂಟು ನೋಡಿದವಳೇ ಬಿದ್ದು ಬಿದ್ದು ನಕ್ಕಳು.

"ಅಣ್ಣಾ, ಇದನ್ನ ಹಾಕ್ಕೊಂಡು ನಮ್ಮತ್ತೆ ಮುಂದೆ ಒಂದ್ಸಲ ನಿಂತ್ಕೊಂಡ್ರೆ ಸಾಕು. ಜೀವಮಾನದಲ್ಲಿ ಮೊದಲನೇ ಸಲ ನನ್ನನ್ನ ತಲೆ ಎತ್ತಿ ನೋಡ್ತಾರೆ!"

ಎಂಟು ಅಡಿ ಉದ್ದದ ಎರಡು ಕಬ್ಬಿಣದ ಪೈಪುಗಳನ್ನು ಸೊಂಟದ ಎತ್ತರಕ್ಕೆ ಕಟ್ಟಿಸಿದ್ದೆ. ಅವುಗಳ ನಡುವೆ ಅವಳು ಕೈಯೂರಿ ನಡೆಯಬೇಕು. ಅವಳು ಎದ್ದು ನಿಂತಾಗ ನನ್ನ ಜೀವ ಬಾಯಿಗೆ ಬಂತು. ಬಿದ್ದರೆ ಗಂಟೇ ಮುರಿಯುತ್ತದೆ. ನಾಲ್ಕು ಹೆಜ್ಜೆ ಇಟ್ಟಳು. ನಾನು ಪೈಪಿನಾಚೆ ಏಡಿಯ ಹಾಗೆ ಅಡ್ಡಡ್ಡ ನಡೆದೆ. "ಮಂಡಿ ಸ್ವಲ್ಪ ಸಡಿಲ ಬಿಡಮ್ಮ, ತುದಿ, ಹೀಲು ಎರಡೂ ಒಟ್ಟಿಗೆ ಊರು, ಹೆಜ್ಜೆ ಚಿಕ್ಕದಿರಲಿ" ಎಂದು ನನಗೇ ಗೊತ್ತಿಲ್ಲದ ವಿದ್ಯೆಯನ್ನು ಅವಳಿಗೆ ಹೇಳಿಕೊಡುತ್ತಿದ್ದೆ. ಐದು ನಿಮಿಷಕ್ಕೆ ಬೆರಳು ಉರಿ ಅಂದಳು, ಕೂರಿಸಿದೆ.

ಬೂಟು ಬಿಚ್ಚಿದ ಮೇಲೆ ಬೆರಳುಗಳನ್ನು ಒತ್ತಿ ನೋಡಬೇಕು. ಒತ್ತಿದರೆ ಬೆಳ್ಳಗಾಗಿ, ಬಿಟ್ಟ ಕೂಡಲೇ ಕೆಂಪಾದರೆ ರಕ್ತ ಓಡುತ್ತಿದೆ ಎಂದು ಅರ್ಥ. ಇದನ್ನು ನನಗೆ ಕಲಿಸಿದ್ದು ಮೇಷ್ಟ್ರೇ. ನಾನು ಕೆಳಗೆ ಕೂತು ಕೈ ಚಾಚಿದೆ. ನಾಗವೇಣಿ ಕಾಲನ್ನು ಸರಕ್ಕನೆ ಸೀರೆಯೊಳಗೆ ಎಳೆದುಕೊಂಡಳು.

"ಅಯ್ಯೋ, ಬೇಡಣ್ಣ! ನೀವು ದೊಡ್ಡೋರು, ನನ್ನ ಕಾಲು ಮುಟ್ಟಬಾರದು. ನನಗೆ ಪಾಪ ಸುತ್ಕೊಳ್ತದೆ."

ಅವಳು ಹೇಳಿದ್ದು ನನ್ನ ವಯಸ್ಸಿಗೆ. ಹಿರಿಯರ ಕೈ ಕಿರಿಯರ ಕಾಲಿಗೆ ತಾಗಬಾರದು, ನಮ್ಮೆಲ್ಲರ ಮನೆಯಲ್ಲೂ ಇರುವ ಮಾತೇ. ಆದರೆ ನನ್ನ ಕಿವಿಗೆ ಬಿದ್ದದ್ದು ಅಪ್ಪನ ಕಾಲದ ಮಾತು. ಕೈ ಅಲ್ಲೇ ನಿಂತಿತು. "ಸರಿ ಬಿಡಮ್ಮ, ನೀನೇ ಒತ್ತಿ ನೋಡ್ಕೋ" ಎಂದು ಎದ್ದುಬಿಟ್ಟೆ. ಅವಳು ತೋರಿಕೆಗೆ ಒಮ್ಮೆ ಒತ್ತಿ, "ಚೆನ್ನಾಗದೆ" ಅಂದಳು. ಆಮೇಲಿನ ಟ್ರಯಲ್‌ಗಳಲ್ಲೆಲ್ಲ ಇದೇ ನಡೆಯಿತು. ಅವಳಿಗೂ ನಾಚಿಕೆ ಇಲ್ಲ, ನನಗೂ ಮುಜುಗರ ಇಲ್ಲ, ಇಬ್ಬರಿಗೂ ಹಾಯಾಗಿತ್ತು.

ಉರಿ ತಪ್ಪಿಸಲು ಬೂಟಿನ ತುದಿಯೊಳಗೆ ಮೆತ್ತೆ ಬೇಕಿತ್ತು. ಸ್ಪಂಜು ಹಾಕಿದೆ, ಹತ್ತು ನಿಮಿಷಕ್ಕೆ ಚಪ್ಪಟೆ. ಹತ್ತಿ ಹಾಕಿದೆ, ಬೆವರಿಗೆ ಮುದ್ದೆ. ಹೊರದೇಶದ ಜೆಲ್ ಮೆತ್ತೆ ಬರುತ್ತದೆ ಎಂದರು, ಬರಲಿಲ್ಲ. ನನ್ನ ಹೆಂಡತಿ ಶಿಡ್ಲಘಟ್ಟದ ದಿಬ್ಬೂರಹಳ್ಳಿಯವಳು. ನನ್ನ ಬಾಮೈದ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾನೆ. ನೂಲು ಬಿಚ್ಚಿದ ಮೇಲೆ ಉಳಿಯುವ ಒರಟು ರೇಷ್ಮೆಯನ್ನು ಸೋಪು, ಸೋಡಾ ಹಾಕಿ ಬೇಯಿಸಿದರೆ ಅದರ ಅಂಟು ಬಿಟ್ಟು ಬೆಣ್ಣೆಯಂತಾಗುತ್ತದೆ. ನಮ್ಮ ಮನೆಯ ಮಕ್ಕಳಿಗೆಲ್ಲ ಅದರದೇ ದಿಂಬು. ಅದನ್ನು ಒಂದು ಚೀಲ ತಂದು, ಬೇಯಿಸಿ, ಒಣಗಿಸಿ, ತೆಳು ಚರ್ಮದಲ್ಲಿ ಸುತ್ತಿ ಬೂಟಿನ ತುದಿಗಿಟ್ಟೆ. ನಾಗವೇಣಿ ಹದಿನೈದು ನಿಮಿಷ ನಿಂತಳು. ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ನನ್ನ ಎದೆ ಉಬ್ಬಿತು, ಅಲ್ಲಿಂದಲೇ ಶನಿ ಹೆಗಲೇರಿದ.

ಬೂಟು ಕೇಳಿದವರು ವಿಡಿಯೋದಲ್ಲಿ ನೋಡುತ್ತೇವೆ ಎಂದರು, ಇನ್ನು ಎರಡೇ ದಿನ. ಹೊಸ ಜೋಡಿಗೆ ಹೊಸ ಮೆತ್ತೆ ಬೇಕು. ಮೂರು ದಿನದಿಂದ ಜಡಿಮಳೆ. ಬೇಯಿಸಿದ ರೇಷ್ಮೆ ಒಣಗುವುದಿಲ್ಲ, ಒದ್ದೆ ಮೆತ್ತೆ ಇಟ್ಟರೆ ಬೂಟು ನಾರುತ್ತದೆ. ನಾನು ಏನು ಮಾಡಿದೆ ಗೊತ್ತೆ? ಬೇಯಿಸಲೇ ಇಲ್ಲ. ಹಸಿ ರೇಷ್ಮೆಯನ್ನೇ ಕೈಯಲ್ಲಿ ಹಿಂಜಿ ಹಿಂಜಿ ಮೆದು ಮಾಡಿ, ಚರ್ಮದಲ್ಲಿ ಸುತ್ತಿ ಇಟ್ಟೆ. ಮುಟ್ಟಿ ನೋಡಿದರೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಒಂದು ದಿನಕ್ಕೆ ಏನಾಗುತ್ತೆ ಬಿಡು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಆ ದಿನ ಬೆಳಗ್ಗೆ ಹನ್ನೊಂದಕ್ಕೆ ವಿಡಿಯೋ ಶುರುವಾಯಿತು. ನಾಗವೇಣಿ ಪೈಪು ಬಿಟ್ಟು ಹತ್ತು ಹೆಜ್ಜೆ ನಡೆದಳು. ನಡುವೆ ಇಂಟರ್‌ನೆಟ್ ಕೈಕೊಟ್ಟಿತು. ಮತ್ತೆ ಬರುವವರೆಗೆ ಬಿಚ್ಚುವುದು ಬೇಡ, ಬಿಚ್ಚಿ ಕಟ್ಟಲು ಮತ್ತೆ ಕಾಲು ಗಂಟೆ ಬೇಕು ಎಂದು ಅವಳನ್ನು ಎತ್ತರದ ಸ್ಟೂಲಿಗೆ ಒರಗಿಸಿ ನಿಲ್ಲಿಸಿದೆವು. ಮಳೆಗೆ ಕಿಟಕಿ ಮುಚ್ಚಿದ ಕೋಣೆ, ಸೆಕೆ, ಬೆವರು. ಅರ್ಧ ಗಂಟೆ ದಾಟಿತು.

"ನೋವಾ ನಾಗವೇಣಿ?" ಎಂದೆ.

"ಆಗ್ಲೇ ಸ್ವಲ್ಪ ನೋವಿತ್ತಣ್ಣ. ಈಗ ಏನೂ ಇಲ್ಲ. ಕಾಲು ಇರೋದೇ ಗೊತ್ತಾಗ್ತಿಲ್ಲ, ಆರಾಮಾಗದೆ."

"ಬಾಗುಂದಿ, ಚಾಲಾ ಬಾಗುಂದಿ!" ಎಂದು ಮೇಷ್ಟ್ರು ಮೆಚ್ಚಿಕೊಂಡರು. ನಾನೂ ನಕ್ಕೆ. ಅರ್ಧ ಗಂಟೆ ನೋವಿಲ್ಲದ ಬೂಟು ಮಾಡಿದೆನೆಂದು ನಕ್ಕೆ! ಹೊಸಬರೇ, ಇದನ್ನು ಚೆನ್ನಾಗಿ ಓದಿಕೊಳ್ಳಿ. ಇಂಥ ಬೂಟು ಹಾಕಿಕೊಂಡವರು ನೋವು ಅಂದರೆ ಹೆದರಬೇಡಿ. ಏನೂ ಗೊತ್ತಾಗುತ್ತಿಲ್ಲ ಅಂದರೆ ಕತ್ತರಿ ಹುಡುಕಿ.

ವಿಡಿಯೋ ಮುಗಿದ ಮೇಲೆ ಲೇಸು ಬಿಚ್ಚಿ ಎಳೆದೆ. ಬಲಗಾಲಿನದು ಬಂತು. ಎಡಗಾಲಿನದು ಬರಲಿಲ್ಲ. ಇನ್ನೊಮ್ಮೆ ಎಳೆದರೂ ಬರಲಿಲ್ಲ. ಚರ್ಮ ಕೊಯ್ಯುವ ಚಾಕುವಿನಿಂದ ಬೂಟನ್ನು ಉದ್ದಕ್ಕೂ ಸೀಳಿದೆ. ಒಳಗೆ ಮೆತ್ತೆ ಇರಲಿಲ್ಲ, ಕಲ್ಲಿತ್ತು. ಬೆವರಿಗೆ, ಬಿಸಿಗೆ ರೇಷ್ಮೆಯ ಅಂಟು ಕರಗಿ, ಅವಳ ಭಾರಕ್ಕೆ ಒತ್ತಿಕೊಂಡು, ಬೆರಳುಗಳ ಸುತ್ತ ಗೂಡು ಕಟ್ಟಿದಂತೆ ಬಿಗಿದುಬಿಟ್ಟಿತ್ತು. ಅದನ್ನು ಬಿಡಿಸಿ ತೆಗೆದೆ. ನಾಲ್ಕು ಬೆರಳು ಮೇಣದಂತೆ ಬೆಳ್ಳಗೆ, ಕಿರುಬೆರಳು ನೀಲಿ. ಆಗ ಯಾವ ಕಟ್ಟಳೆಯೂ ನೆನಪಾಗಲಿಲ್ಲ. ಎರಡೂ ಕೈಯಲ್ಲಿ ಅವಳ ಪಾದ ಹಿಡಿದುಕೊಂಡೆ. ತಣ್ಣಗಿತ್ತು.

"ಅಣ್ಣಾ, ಇದು ನನ್ನ ಕಾಲೇ ಅಲ್ಲ ಅನ್ನಿಸ್ತದೆ," ಎಂದು ನಾಗವೇಣಿ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕಣ್ಣ? ಏನಾಯ್ತು? ಹೇಳಿ!"

ಕಾರ್ಖಾನೆಯ ಜೀಪಿನಲ್ಲಿ ಗೌರಿಬಿದನೂರಿನ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವಳು ಒಂದೇ ಪ್ರಶ್ನೆ: "ಬೆರಳು ತೆಗೀತಾರಾ ಅಣ್ಣ?" ನಾನು ಇಲ್ಲ ಕಣಮ್ಮ, ಇಲ್ಲ ಕಣಮ್ಮ ಅನ್ನುತ್ತಿದ್ದೆ. ನನಗೇನು ಗೊತ್ತಿತ್ತು? ಡಾಕ್ಟರಮ್ಮ ನೋಡುತ್ತಿದ್ದಂತೆಯೇ ನಾಲ್ಕು ಬೆರಳಿಗೆ ಬಣ್ಣ ಬಂತು, ಜೊತೆಗೆ ನೋವೂ ಬಂತು. ನಾಗವೇಣಿ ಚೀರಿದಳು. ಆ ಚೀರಾಟ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಕಿರುಬೆರಳಿಗೆ ಬಣ್ಣ ಬರಲು ಸಂಜೆಯಾಯಿತು. "ನರಕ್ಕೆ ಪೆಟ್ಟು ಬಿದ್ದಿರಬಹುದು. ಒಂದು ತಿಂಗಳು ರೆಸ್ಟು. ವಾರಕ್ಕೊಂದು ಸಲ ಒಂದೊಂದು ಬೆರಳೂ ಒತ್ತಿ ನೋಡಿ, ಸ್ಪರ್ಶ ಗೊತ್ತಾಗದಿದ್ದರೆ ತಡ ಮಾಡದೆ ಕರ್ಕೊಂಡು ಬನ್ನಿ," ಎಂದರು.

ಮಾರನೆಯ ದಿನ ಆಸ್ಪತ್ರೆಯಲ್ಲೇ ಮೇಷ್ಟ್ರು ಇಬ್ಬರನ್ನೂ ಎದುರಿಗೆ ಕೂರಿಸಿ, "ಯಾಕಾಯ್ತು?" ಎಂದರು. ಆ ಕಲ್ಲಾದ ಉಂಡೆ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ನಾಗವೇಣಿ, "ನಾನೇ ಲೇಸು ಜಾಸ್ತಿ ಬಿಗಿ ಎಳ್ಕೊಂಡೆ ಸಾರ್. ವಿಡಿಯೋದಲ್ಲಿ ಬಿದ್ಬಿಟ್ರೆ ಅಂತ ಭಯ ಆಯ್ತು," ಅಂದಳು. ಪಾಪ, ಅವಳು ನಂಬಿದ್ದು ಅದನ್ನೇ. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ರಿಪೋರ್ಟಿನಲ್ಲಿ ಹಾಗೇ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಬರೆ ಹಾಕಿದವನು ನಾನೇ. ಆ ಭಾನುವಾರ ಚಿಕ್ಕಬಳ್ಳಾಪುರದ ಬಸ್ಸಿನ ಕಿಟಕಿಯಿಂದ ಉಂಡೆಯನ್ನು ಎಸೆದುಬಿಟ್ಟೆ.

ಅವಳು ರಜೆಯಲ್ಲಿದ್ದ ತಿಂಗಳು ನಾನು ನನ್ನ ಪಾದದ ಅಳತೆಗೇ ಒಂದು ಜೋಡಿ ಮಾಡಿಕೊಂಡೆ. ಐವತ್ತೈದು ವರ್ಷದ, ಹೊಟ್ಟೆ ಬಂದ ಗಂಡಸು ಪೈಪು ಹಿಡಿದು ತುದಿಗಾಲಲ್ಲಿ ನಿಂತದ್ದನ್ನು ನೋಡಲು ಹೊಲಿಗೆ ಸಾಲಿಗೆ ಸಾಲೇ ಬಂತು. ನಗಲಿ ಎಂದು ಬಿಟ್ಟೆ. ಎರಡು ಸಲ ಬಿದ್ದೆ, ಮೊಣಕೈ ತರಚಿತು. ಇಪ್ಪತ್ತು ವರ್ಷದಲ್ಲಿ ಕಲಿಯದ್ದನ್ನು ಆ ಹದಿನೈದು ದಿನದಲ್ಲಿ ಕಲಿತೆ. ಹಿಮ್ಮಡಿಯ ಕೆಳಗೆ ಒಂದು ಕೂದಲೆಳೆ ಜಾಗ ಖಾಲಿ ಇದ್ದರೂ ಮೈಭಾರವೆಲ್ಲ ಬೆರಳಿಗೆ ಇಳಿಯುತ್ತದೆ. ಅದಕ್ಕೇ ಒಳಗೆ ಹಿಮ್ಮಡಿ ಕೂರಲು ಮೆಟ್ಟಿಲಿನಂತೆ ಒಂದು ಗಟ್ಟಿ ಜಾಗ ಮಾಡಿದೆ. ಒಂದೇ ಲೇಸಿನ ಬದಲು ಎರಡು: ಪಾದದ ಮೇಲಿನದು, ಕಣಕಾಲಿನದು ಬೇರೆ ಬೇರೆ. ಕಣಕಾಲಿನದನ್ನು ಬಿಗಿಯಾಗಿ ಕಟ್ಟಿದರೆ ಕಾಲು ಕೆಳಕ್ಕೆ ಜಾರುವುದಿಲ್ಲ, ಬೆರಳಿನ ಕಡೆ ಸಡಿಲ ಬಿಡಬಹುದು. ಬೆರಳಿನ ನಡುವೆ ಬೇಯಿಸಿದ ರೇಷ್ಮೆಯ ತೆಳು ಪದರ. ಹೀಲಿನ ತುದಿಗೆ ಅಗಲವಾದ ರಬ್ಬರು. ಹತ್ತು ನಿಮಿಷಕ್ಕೊಮ್ಮೆ ಕೂತು ಬೆರಳು ಆಡಿಸಬೇಕು, ಇಪ್ಪತ್ತಕ್ಕೆ ಬಿಚ್ಚಲೇಬೇಕು. ಅರ್ಧ ಗಂಟೆ ಆಗದು ಎಂದು ಬೂಟು ಕೇಳಿದವರಿಗೆ ಬರೆಸಿದೆ. ಅವರು ಒಪ್ಪಿದರು; ನಡುವೆ ಒಂದು ದೃಶ್ಯದಲ್ಲಿ ಕೂರುವಂತೆ ಆಟವನ್ನೇ ಬದಲಿಸಿಕೊಂಡರಂತೆ. ಮೊದಲೇ ಕೇಳಿದ್ದರೆ ಮೊದಲೇ ಒಪ್ಪುತ್ತಿದ್ದರೇನೋ.

ನಾಗವೇಣಿ ವಾಪಸ್ಸು ಬಂದಳು. ಈಗ ಅವಳು ಕಾಲು ಎಳೆದುಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತು ತಾನೇ ಎಡಗಾಲನ್ನು ನನ್ನ ತೊಡೆಯ ಮೇಲಿಟ್ಟು, "ನೋಡಣ್ಣ" ಎನ್ನುತ್ತಿದ್ದಳು. ನಾನು ಒಂದೊಂದೇ ಬೆರಳು ಒತ್ತುತ್ತಿದ್ದೆ. "ಹೂಂ. ಹೂಂ. ಹೂಂ" ಅನ್ನುತ್ತಿದ್ದಳು. ಕಿರುಬೆರಳಿಗೂ ಹೂಂ. ಹೀಗೆ ಆರು ವಾರ. ದೇವರು ದೊಡ್ಡವನು, ನನ್ನ ಸುಳ್ಳು ಯಾರಿಗೂ ಕೆಡುಕು ಮಾಡದೆ ಮುಗಿಯಿತು ಎಂದು ಹಗುರಾದೆ. ಮೇಷ್ಟ್ರು, "ಆ ಹುಡುಗಿ ಬೇಡ, ಬೇರೆಯೋರನ್ನ ಹುಡುಕೋಣ" ಎಂದರೂ ಅವಳೇ ಹಟ ಹಿಡಿದು ಮತ್ತೆ ಹಾಕಿಕೊಂಡಳು. "ನನ್ನಿಂದ ಕೆಟ್ಟಿದ್ದು, ನಾನೇ ಸರಿ ಮಾಡ್ತೀನಿ ಸಾರ್," ಅಂದಳು.

ಕೊನೆಯ ಟ್ರಯಲ್ಲಿಗೆ ಬೂಟು ಕೇಳಿದವರ ಕಡೆಯ ಹೆಂಗಸೊಬ್ಬರು ಬೆಂಗಳೂರಿನಿಂದ ಬಂದಿದ್ದರು. ನಾಗವೇಣಿ ಪೈಪಿನ ಹಂಗಿಲ್ಲದೆ ಆ ಕೋಣೆಯ ಉದ್ದಕ್ಕೂ ನಡೆದಳು, ತಿರುಗಿದಳು, ಒಂದು ಮೆಟ್ಟಿಲು ಹತ್ತಿ ಇಳಿದಳು. ನಾನು ಗಡಿಯಾರ ನೋಡುತ್ತಾ ಅವಳ ಒಂದೊಂದು ಹೆಜ್ಜೆಯನ್ನೂ ಎಣಿಸಿದೆ. ಇಪ್ಪತ್ತು ನಿಮಿಷಕ್ಕೆ ಕೂರಿಸಿ ಬಿಚ್ಚಿದೆ, ಬೂಟು ಸಲೀಸಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಲಿಗೆ ಸಾಲಿನ ಹುಡುಗಿಯರು ಬಾಗಿಲಲ್ಲಿ ನಿಂತು ಅವಳನ್ನು ರೇಗಿಸುತ್ತಿದ್ದರು, ಅವಳು ಅತ್ತ ಕುತ್ತಿಗೆ ತಿರುಗಿಸಿ ಸರಿಯಾಗಿ ಉತ್ತರ ಕೊಡುತ್ತಿದ್ದಳು. ನಾನು ಅಭ್ಯಾಸದಂತೆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದೆ.

ಹೆಬ್ಬೆರಳು. "ಹೂಂ," ಅತ್ತ ನೋಡುತ್ತಲೇ ಅಂದಳು. ಎರಡನೆಯದು, ಹೂಂ. ಮೂರು, ನಾಲ್ಕು, ಹೂಂ. ಕಿರುಬೆರಳು ಒತ್ತಿದೆ. ಮಾತಿಲ್ಲ. ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ ಎಂದು ಜೋರಾಗಿ ಒತ್ತಿದೆ. ಉಗುರು ಊರಿದೆ. ಅವಳು ಗೆಳತಿಯರ ಜೊತೆ ನಗುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು: "ಯಾಕಣ್ಣ ನಿಲ್ಲಿಸಿದ್ರಿ? ಇನ್ನೊಂದು ಉಳೀತಲ್ಲ?"

ಆರು ವಾರವೂ ಅವಳು ನನ್ನ ಕೈ ನೋಡಿಕೊಂಡೇ ಹೂಂ ಅಂದಿದ್ದಳು.

ಆಗ ತಿರುಗಿ ನೋಡಿದಳು. ತನ್ನ ಕಿರುಬೆರಳು ನನ್ನ ಬೆರಳುಗಳ ನಡುವೆ ಇರುವುದನ್ನು ನೋಡಿದಳು. ಮುಖದ ಬಣ್ಣವೇ ಇಳಿಯಿತು.

"ಯಾವಾಗಿಂದ?" ಎಂದೆ.

"ಅವತ್ತಿಂದಲೇ ಅಣ್ಣ." ಬೇರೆಯವರಿಗೆ ಕೇಳದಂತೆ ಪಿಸುಗುಟ್ಟಿದಳು. "ಯಾರಿಗೂ ಹೇಳ್ಬೇಡಿ. ಹೇಳಿದ್ರೆ ನಿಮ್ಮ ಮೇಲೆ ಬರ್ತದೆ. ಲೇಸು ಬಿಗಿ ಎಳ್ಕೊಂಡಿದ್ದು ನಾನು, ನೀವ್ಯಾಕೆ ಬೈಸ್ಕೊಳ್ಳಬೇಕು?"

ತಡ ಮಾಡದೆ ಕರೆತನ್ನಿ ಎಂದಿದ್ದರು ಡಾಕ್ಟರಮ್ಮ. ಎರಡೂವರೆ ತಿಂಗಳಾಗಿತ್ತು. ನನಗೆ ಅಳು ಬಂತು. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಲೇಸಿನಿಂದ ಅಲ್ಲ ಕಣಮ್ಮ," ಎಂದೆ. "ರೇಷ್ಮೆ ಬೇಯಿಸಿರಲಿಲ್ಲ. ಮಳೆ ಅಂತ ಹಸೀದೇ ಇಟ್ಬಿಟ್ಟೆ. ಅದು ಗಟ್ಟಿಯಾಗಿ ಹಿಡ್ಕೊಂಡಿದ್ದು. ಅವತ್ತೇ ನನಗೆ ಗೊತ್ತಿತ್ತು. ಮೇಷ್ಟ್ರು ಕೇಳಿದಾಗ ಹೆದರಿ ಸುಮ್ನಿದ್ದೆ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕಾಲನ್ನು ಮೆಲ್ಲಗೆ ನನ್ನ ತೊಡೆಯಿಂದ ತೆಗೆದು, ಚಪ್ಪಲಿ ಮೆಟ್ಟಿಕೊಂಡಳು. ಮೇಷ್ಟ್ರಿಗೆ ನಾನೇ ಎಲ್ಲ ಹೇಳಿದೆ. ಅದೇ ಸಂಜೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು, ಆಮೇಲೆ ಬೆಂಗಳೂರಿಗೂ ಹೋಗಿ ಬಂದರು. ನರ ಸತ್ತುಹೋಗಿದೆ, ಇನ್ನು ಬರುವುದಿಲ್ಲ ಎಂದರಂತೆ. ಮೇಷ್ಟ್ರು ಹಳೆಯ ರಿಪೋರ್ಟು ಹರಿದು ಹೊಸದು ಬರೆದರು, ಅದರಲ್ಲಿ ನನ್ನ ಹೆಸರಿತ್ತು. ಕೆಲಸ ಹೋಗಲಿಲ್ಲ.

ಮಾರನೆಯ ವಾರ ನಾಗವೇಣಿ ಕೆಲಸಕ್ಕೆ ಬಂದಳು. ಬಸ್ಸಿಳಿದು, ಗೇಟಿನ ಹತ್ತಿರ ನಿಂತಿದ್ದ ನನ್ನ ಮುಂದೆಯೇ ಹಾದುಹೋದಳು. ಎರಡು ಹೆಜ್ಜೆ ಮುಂದೆ ಹೋದವಳು ನಿಂತು, ತಿರುಗಿ, ಇಡೀ ಕಾರ್ಖಾನೆಯಲ್ಲಿ ಮೇಷ್ಟ್ರಿಗೆ ಮಾತ್ರ ಹೇಳುತ್ತಿದ್ದ ದನಿಯಲ್ಲಿ, "ನಮಸ್ಕಾರ ಸಾರ್" ಎಂದಳು. ಆಮೇಲೆ ನಾನು ಅಲ್ಲಿ ಮೂರು ವರ್ಷ ಇದ್ದೆ. ಅವಳು ನನ್ನನ್ನು ಮತ್ತೆ ಅಣ್ಣ ಅನ್ನಲಿಲ್ಲ.